ಟೈಲರ್ ಮಾಮನ ಸಿಗಾರ್ ಪೆಟ್ಟಿಗೆ

ಟೈಲರ್ ಮಾಮ ಸಿಗಾರ್ ಆರಿಸಲು ನಿಂತರೆ ಅಂಗಡಿಯವನು ಮಧ್ಯಾಹ್ನದ ಊಟದ ಆಸೆ ಬಿಡಬೇಕು. ರೇಷ್ಮೆಯ ಅಂಚು ಮುಟ್ಟಿದಂತೆ ಒಂದೊಂದನ್ನೂ ಎರಡೇ ಬೆರಳಲ್ಲಿ ಒತ್ತಿ, ಹೊರಗಿನ ಎಲೆಯ ಸುತ್ತು ನೋಡಿ, "ಇದನ್ನ ಸುತ್ತಿದವನಿಗೆ ಬಸ್ ಹಿಡಿಯೋ ಅವಸರ ಇತ್ತು ಕಣಯ್ಯಾ" ಎಂದು ಪಕ್ಕಕ್ಕಿಡುತ್ತಾರೆ. ನೂರರಲ್ಲೊಂದು ಪಾಸಾದರೆ ಅದು ಮನೆಯ ದೇವದಾರು ಪೆಟ್ಟಿಗೆ ಸೇರಿ, ಹಸುಗೂಸಿನಂಥ ಆರೈಕೆಯಲ್ಲಿ ವರ್ಷಗಟ್ಟಲೆ ಮಲಗುತ್ತದೆ. ಭಾನುವಾರ ಸಂಜೆ ಒಂದನ್ನು ಹಚ್ಚಿದರೆ, ಮೂವತ್ತು ವರ್ಷ "ನಿಮ್ಮ ಹೊಗೆಬಂಡಿ ಆಚೆ ಓಡಿಸ್ರೀ" ಎಂದು ಗದರುತ್ತಿದ್ದ ಹೆಂಡತಿ ಈಗ ತಾವೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. ಹೋದ ವರ್ಷದ ಜ್ವರದಲ್ಲಿ ಮಾಮನ ಮೂಗಿಗೆ ವಾಸನೆ ತಿಳಿಯುವುದೇ ನಿಂತುಹೋಗಿದೆ. "ಹೇಗಿದೆಯೇ?" ಎಂದು ಅವರು ಕಣ್ಣು ಮುಚ್ಚುತ್ತಾರೆ. ಹೆಂಡತಿ ಮೂಗು ಅರಳಿಸಿ ಹೇಳುತ್ತಾರೆ: "ಮೊದಲು ಹಸಿ ಕಟ್ಟಿಗೆ. ಸ್ವಲ್ಪ ತಡೀರಿ... ಹಾಂ, ಈಗ ಜೇನು ಬಂತು."