ಎಲೆ ಅಡಿಕೆ ಚೀಲದಲ್ಲಿ ಮೂರು ಸ್ಟ್ರಿಪ್

ನಮ್ಮಕ್ಕ ಬಿದ್ದಳು. ಬಚ್ಚಲಲ್ಲಿ ಜಾರಿ ಅಲ್ಲ. ತಾಂಡವಪುರದ ತನ್ನ ಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಎದ್ದು ನಿಂತಳು, ಅಷ್ಟೇ. ದೊಪ್ಪನೆ ಬಿದ್ದಳು. ಹಣೆಗೆ ನಾಲ್ಕು ಹೊಲಿಗೆ!

ಪಕ್ಕದ ಮನೆಯವರ ಫೋನ್ ಬಂದಾಗ ನಾನು ನಂಜನಗೂಡಿನಲ್ಲಿದ್ದೆ. ಹೇಗೆ ಹೋದೆನೋ, ಹೇಗೆ ಆಟೋದಲ್ಲಿ ಕೂರಿಸಿಕೊಂಡು ಅವಳ ಡಾಕ್ಟರ ಹತ್ತಿರ ಬಂದೆನೋ, ನೆನಪೇ ಇಲ್ಲ. (ಅಕ್ಕ ಮಾತ್ರ ದಾರಿಯುದ್ದಕ್ಕೂ "ಅವರೆಕಾಯಿನೆಲ್ಲ ಎಮ್ಮೆ ತಿನ್ಕತದೆ ಕಣವ್ವ" ಅಂತ ಗೋಳಾಡುತ್ತಿದ್ದಳು.)

ಡಾಕ್ಟರ್ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ಹೈ ಬಿಪಿ ಅಂತ ವರ್ಷಗಳಿಂದ ಮಾತ್ರೆ ನುಂಗುವವಳಿಗೆ ಲೋ ಬಿಪಿ! ಇದು ಹೇಗೆ ಸಾಧ್ಯ?

"ಯಾವ್ಯಾವ ಮಾತ್ರೆ ತಗೋತಿದ್ದೀರಮ್ಮ? ತೋರ್ಸಿ."

ಅಕ್ಕ ಸೊಂಟದ ಎಲೆ ಅಡಿಕೆ ಚೀಲ ಬಿಚ್ಚಿದಳು. ಮರೆಯಬಾರದು ಅಂತ ಮಾತ್ರೆಯನ್ನು ಅಲ್ಲೇ ಇಡುತ್ತಾಳೆ. ಊಟವಾದ ಮೇಲೆ ಎಲೆ ಅಡಿಕೆ ಮರೆಯುವ ಹೆಂಗಸಲ್ಲ ಅವಳು. ಸುಣ್ಣದ ಡಬ್ಬಿಯ ಹಿಂದೆ ಮೂರು ಸ್ಟ್ರಿಪ್ ಹೊರಬಂದವು.

ಡಾಕ್ಟರೇ ಬೆಚ್ಚಿದರು. "ಹಳೇ ಎರಡು ಮಾತ್ರೆಯ ಔಷಧಿ ಸೇರಿಸಿಯೇ ಹದಿನೈದು ದಿನದ ಹಿಂದೆ ಈ ಹೊಸದೊಂದನ್ನ ಬರ್ಕೊಟ್ಟಿದ್ದು. ಮೂರನ್ನೂ ನುಂಗ್ತಿದ್ದೀರಾ? ಡಬಲ್ ಡೋಸ್ ಆಯ್ತಲ್ಲಮ್ಮ!"

ಹದಿನೈದು ದಿನದಿಂದ ಡಬಲ್! ಉರಿಯುವ ಒಲೆ ಮುಂದೆ ಬಿದ್ದಿದ್ದರೆ? ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು.

"ಹಳೇದು ಬಿಡಿ ಅಂತ ಇವರು ಹೇಳಿರ್ಲಿಲ್ವಾ? ಬುದ್ಧಿ ಬೇಡ್ವೇನಕ್ಕ ನಿಂಗೆ?"

ಅಕ್ಕ ನನ್ನನ್ನೇ ನೋಡಿದಳು.

"ಯೋಳಿದ್ರು ಕಣವ್ವ. ಅಳೇ ಮಾತ್ರೆ ಬುಡು ಅಂತವ್ರೆ, ಬುಡದಾ ಅಂತ ನಿಂಗೆ ಫೋನ್ ಮಾಡಿ ಕೇಳ್ನಿಲ್ವಾ? ಯಾರು ಏನೇ ಯೋಳ್ಲಿ, ಬಿಪಿ ಮಾತ್ರೆ ಮಾತ್ರ ನಿಲ್ಲಿಸ್ಬ್ಯಾಡ ಅಂತ ನೀನೇ ಅಂದೆ. ಓದ್ದೋಳು, ಪೇಪರ್‌ಗೆ ಬರ್ಯೋಳು ಯೋಳ್ದ ಮೇಲೆ ಇನ್ನೇನು ಅಂದ್ಕಂಡು ಎಲ್ಲಾನೂ ನುಂಗ್ದೆ."

ಹೌದು, ಕೇಳಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಅರ್ಧಂಬರ್ಧ ಕೇಳಿಸಿಕೊಂಡು ಅಪ್ಪಣೆ ಕೊಡಿಸಿದ್ದೆ.

ಡಾಕ್ಟರ್ ಹಳೆಯ ಎರಡೂ ಸ್ಟ್ರಿಪ್ ಎತ್ತಿಟ್ಟುಕೊಂಡರು. ಸಂಜೆವರೆಗೂ ಅಕ್ಕನನ್ನು ಅಲ್ಲೇ ಮಲಗಿಸಿಕೊಂಡರು. "ಚೀಟಿ ಬದಲಾದಾಗೆಲ್ಲ ಮನೇಲಿರೋ ಮಾತ್ರೆ ಅಷ್ಟನ್ನೂ ತಂದು ತೋರ್ಸಿ. ನೀವಾಗೇ ಬಿಡೋದೂ ಬೇಡ, ನೀವಾಗೇ ಸೇರಿಸೋದೂ ಬೇಡ. ಡೌಟ್ ಬಂದ್ರೆ ನನ್ನ ಕೇಳಿ" ಅಂದರು. ಹೇಳಿದ್ದು ಅಕ್ಕನಿಗೆ, ನೋಡಿದ್ದು ನನ್ನನ್ನು.

ಕಾದು ಕೂತಿದ್ದ ಅಷ್ಟು ರೋಗಿಗಳ ಮುಂದೆ ಅವಳ ಮೇಲೆ ಕೂಗಾಡಿದೆನಲ್ಲ, ಈಗ ನೀವೇ ಹೇಳಿ, ಬುದ್ಧಿ ಬೇಕಿದ್ದದ್ದು ಯಾರಿಗೆ?