ಹೊಸ ಗಿಟಾರಿಗೆ ಹತ್ತು ಮಳೆಗಾಲ

ಅಂದು ಮೆಣಸು ಹರವಿ, ಕೋಳಿಗೂಡು ತೊಳೆದು, ಲಾಟೀನಿನ ಗಾಜು ಒರೆಸಿಟ್ಟಿದ್ದೆ. ನಮ್ಮ ಬೇಲಿಯಾಚೆಯ ಎಸ್ಟೇಟಿನವರು ಕೆಲಸಗಾರರಿಗೆ ಕೊಟ್ಟ ಲೈನ್ ಮನೆಯಲ್ಲಿದ್ದ ಮೆಕ್ಯಾನಿಕ್ಕು ಎಂದಿನಂತೆ ಕೈಯ ಗ್ರೀಸನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು, ಬಿಳಿ ದೊರೆ ತನ್ನ ದೇಶಕ್ಕೆ ಮರಳುವಾಗ ಕೊಟ್ಟಿದ್ದ ಹಳೆಯ ಗಿಟಾರ್ ಎತ್ತಿಕೊಂಡರು.

ಅಷ್ಟರಲ್ಲಿ ಹೊಸ ಧಣಿ ಅದೇ ಮಾದರಿಯ ಹೊಸ ಗಿಟಾರ್ ಹಿಡಿದು ಬಂದರು. "ಇದಿಟ್ಕೊ, ಹಳೇದು ಬಂಗ್ಲೆಗಿರ್ಲಿ. ನೋಡೋಕೆ ಎರಡೂ ಒಂದೇ ಅಲ್ವಾ?"

ಮೆಕ್ಯಾನಿಕ್ಕು ಎರಡನ್ನೂ ಮೀಟಿ ನೋಡಿ, "ಅದೊಂದು ಕೇಳ್ಬೇಡಿ ಧಣಿ," ಎಂದು ತಮ್ಮ ಮಾಮೂಲಿ ಮಾತು ಹೇಳಿದರು. "ನಿಮ್ದಿನ್ನೂ ಹಸಿ ಮರ. ಹತ್ತು ಮಳೆಗಾಲ ಕಾಣ್ಲಿ, ಆಮೇಲೆ ಮಾತಾಡುತ್ತೆ."

"ಹಾಗಾದ್ರೆ ಮನೆ ಖಾಲಿ ಮಾಡು!"

ಮನೆಯ ಬೀಗದ ಕೈಯನ್ನು ಧಣಿಯ ಅಂಗೈಯಲ್ಲಿಟ್ಟು, ಗಿಟಾರ್ ಹೊತ್ತು ನೇರ ನಮ್ಮಲ್ಲಿಗೆ ಬಂದು ನನ್ನನ್ನು ಕೇಳಿದರು. "ಅಕ್ಕ, ಇವನಿಗೊಂದು ಮಂಚ ಸಿಗುತ್ತಾ?"

ರಾತ್ರಿ ಅಕ್ಕಿರೊಟ್ಟಿ, ಎಳೆ ಹಲಸಿನ ಗುಜ್ಜೆ ಪಲ್ಯ ತಿಂದೆವು. ಗಿಟಾರನ್ನು ಮಂಚದ ಮೇಲೆ ಮಲಗಿಸಿ, ನೆಲದ ಚಾಪೆಯಲ್ಲಿ ಎಲ್ಲರಿಗಿಂತ ಮೊದಲು ಅವರೇ ನಿದ್ದೆಹೋದರು.