ತೂತಿನ ಡಿಸ್ಕು ಬೇಡವೆಂದ ಕಾಕು

ಬ್ರೇಕ್ ಡಿಸ್ಕನ್ನು ಮುಟ್ಟುವ ಮೊದಲು ಕಾಕು ಎರಡೂ ಕೈಗಳ ಹಸಿರು ಗಾಜಿನ ಬಳೆಗಳನ್ನು ಮುಂಗೈಯ ಮೇಲಕ್ಕೆ ಸರಿಸಿ, ಅವು ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಆಮೇಲೆ ಡಿಸ್ಕನ್ನು ಕೊಕ್ಕೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಿದ್ದರು. ಒಳ್ಳೆಯ ಕಬ್ಬಿಣವಾದರೆ ನಾದ ಉದ್ದಕ್ಕೆ ಹೋಗುತ್ತಿತ್ತು; ಎಲ್ಲೋ ಒಂದು ಬಿರುಕಿದ್ದರೆ ಸದ್ದು ತಟ್ಟನೆ ಸತ್ತುಹೋಗುತ್ತಿತ್ತು. ಬಳೆಗಳ ಕಿಣಿಕಿಣಿ ಅದಕ್ಕೆ ಅಡ್ಡ ಬರಬಾರದು. ಗಂಡ ತೀರಿದ ಮೇಲೂ ಬಳೆ ತೆಗೆದಿಲ್ಲವೆಂದು ಅವರಿದ್ದ ಚಾಳಿನಲ್ಲಿ ಮಾತಾದಾಗ ಅವರು, "ಬಳಿ ನನಗ ನಮ್ಮವ್ವ ಹಾಕ್ಸಿದ್ದು. ಅವರ ಕೂಡ ಬಂದದ್ದಲ್ಲ, ಅವರ ಕೂಡ ಯಾಕ ಹೋಗಬೇಕು" ಎಂದಿದ್ದರಂತೆ.

ಮುಂಬೈಯ ಬೈಕುಲ್ಲಾದಲ್ಲಿ ಹಳೆಯ ಗಿರಣಿಯ ಗೋಡೆಗೆ ಅಂಟಿಕೊಂಡಿದ್ದ ಅವರ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ವಿಜಯಪುರದ ಕಡೆಯಿಂದ ಬಂದ ಗಂಡ ಹೆಂಡತಿ ಸೇರಿ ಇಟ್ಟ ಅಂಗಡಿ. ಗಂಡ ಹೋದ ಮೇಲೆ, ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಅವರು ಒಬ್ಬರೇ ನಡೆಸುತ್ತಿದ್ದರು. ನಾನು ಬಾಂದ್ರಾದ ಒಂದು ಗ್ಯಾರೇಜಿನಲ್ಲಿ ಗಿರಾಕಿಗಳೊಡನೆ ಮಾತಾಡುವ, ಅವರಿಗೆ ಬೇಕಾದ ಸಾಮಾನು ತರಿಸುವ ಕೆಲಸದಲ್ಲಿದ್ದೆ. ದುಬಾರಿ ಕಾರುಗಳನ್ನು ಇನ್ನಷ್ಟು ಜೋರಾಗಿ ಓಡಿಸಬೇಕೆನ್ನುವವರು ಬರುವ ಗ್ಯಾರೇಜು ಅದು. ನಾನು ಧಾರವಾಡದವನೆಂದು ತಿಳಿದ ದಿನವೇ ಕಾಕು ನನ್ನೊಡನೆ ಹಿಂದಿ ಬಿಟ್ಟರು, ತಮ್ಮಾ ಎಂದು ಕರೆಯತೊಡಗಿದರು.

ಬೇರೆ ಅಂಗಡಿಯವರು ಕಾರು ಯಾವುದೆಂದು ಕೇಳಿ ಡಬ್ಬಿ ತೆಗೆದುಕೊಡುತ್ತಿದ್ದರು. ಕಾಕು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಈ ಗಾಡಿ ಯಾವ ಘಾಟ್ ಇಳಿಯುತ್ತದೆ, ಬಾಜೂಕ್ಕೆ ಯಾರು ಕೂಡುತ್ತಾರೆ ಎಂದು ಕೇಳುತ್ತಿದ್ದರು. ಎಷ್ಟು ಜೋರು ಓಡುತ್ತದೆ ಎಂದು ಅವರು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಒಂದು ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರು ಬಿಳಿಯ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟಿನದು. ಭಾನುವಾರ ಬೆಳಿಗ್ಗೆ ಲೋಣಾವಳಕ್ಕೆ ಹೋಗಿ ಘಾಟ್ ಇಳಿದು ಬರುವುದು ಅವರ ಹುಚ್ಚು. ಕಂಪನಿ ಹಾಕಿಕೊಟ್ಟ ಡಿಸ್ಕು ಅವರಿಗೆ ಸಾಲದು. ಚಕ್ರದ ಸಂದಿಯಿಂದ ಕಾಣುವಂತೆ, ಮೈತುಂಬ ತೂತು ಕೊರೆದ ಡಿಸ್ಕು ಬೇಕು. ನಮ್ಮ ಮಾಲೀಕ ವಾರದೊಳಗೆ ಹಾಕಿಕೊಡುತ್ತೇನೆಂದು ಮಾತು ಕೊಟ್ಟೂ ಆಗಿತ್ತು.

ನಾನು ಕಾಕುವಿನ ಹತ್ತಿರ ಹೋದೆ. ಅವರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ತೂತು ಕೊರದಷ್ಟೂ ಕಬ್ಬಣ ಕಮ್ಮಿ ಆಗ್ತದ, ತಮ್ಮಾ. ಘಾಟ್ ಇಳಿಯೂಮುಂದ ಕಾಯ್ತದ, ಆರ್ತದ, ಮತ್ತ ಕಾಯ್ತದ. ತೂತಿನಿಂದ ತೂತಿಗೆ ಸೀಳತದ."

ಪೇಟೆಯಲ್ಲಿ ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ತೂತಿನ ಡಿಸ್ಕುಗಳನ್ನು ಅವರು ಅಂಗಡಿಯ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಈ ಕಾರಿಗೆ ತೂತಿಲ್ಲದ, ಮೇಲೆ ಗೆರೆ ಮಾತ್ರ ಕೊರೆದ ದಪ್ಪನೆಯ ಡಿಸ್ಕೇ ಸರಿ, ತರಿಸಿಕೊಡುತ್ತೇನೆ, ಮೂರು ವಾರ ಹಿಡಿಯುತ್ತದೆ ಎಂದರು. ಗಿರಾಕಿ ಸಿಟ್ಟಾದರೆ ಅಂಗಡಿಗೇ ಕರೆದುಕೊಂಡು ಬಾ, ನಾನೇ ತಿಳಿಸಿ ಹೇಳುತ್ತೇನೆ ಎಂದೂ ಹೇಳಿದರು.

ನಮ್ಮ ಮಾಲೀಕ ಕೇಳಲಿಲ್ಲ. ಮೂರು ವಾರವೆಂದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಇವತ್ತೇ ಎಲ್ಲಿಂದಲಾದರೂ ತಾ ಎಂದ. ನಾನು ತಂದೆ. ಡಬ್ಬಿಯ ಮೇಲೆ ಹೆಸರಿರಲಿಲ್ಲ. ಊರೆಲ್ಲ ಇವನ್ನೇ ಹಾಕಿಕೊಂಡು ಓಡುತ್ತಿದೆ, ನಮ್ಮದೊಂದೇ ಯಾಕೆ ಸೀಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಗಿರಾಕಿಗೆ ಖುಷಿಯೋ ಖುಷಿ. ಚಕ್ರದ ಮುಂದೆ ಕೂತು ಫೋಟೋ ತೆಗೆದುಕೊಂಡರು.

ಮುಂದಿನ ಸಲ ಹೋದಾಗ ಆ ಬಿಳಿ ಗಾಡಿಯದು ಏನಾಯಿತು ಎಂದು ಕಾಕು ಕೇಳಿದರು. ಗಿರಾಕಿ ಮನಸ್ಸು ಬದಲಿಸಿದರು, ಹಳೆಯದನ್ನೇ ಇಟ್ಟುಕೊಂಡಿದ್ದಾರೆ ಎಂದೆ. ಕಾಕು ಅದನ್ನು ನಂಬಿ, ಛಲೋ ಆತು ಎಂದು ನನಗೆ ಚಹಾ ತರಿಸಿದರು.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಮಧ್ಯಾಹ್ನ ಗಿರಾಕಿಯ ಫೋನು ಬಂತು. ಬ್ರೇಕ್ ತುಳಿದರೆ ಪೆಡಲು ಕಾಲಡಿಯಲ್ಲಿ ನಡುಗುತ್ತದೆ, ಹೆದರುವಂಥದ್ದೇನಲ್ಲ ತಾನೆ ಎಂದು ಕೇಳಿದರು. ನಾಲ್ಕು ಗಂಟೆಗೆ ಮಗಳ ಜೊತೆ ಲೋಣಾವಳಕ್ಕೆ ಹೊರಡುವವರಿದ್ದರು. ಪಕ್ಕದಲ್ಲೇ ನಿಂತಿದ್ದ ಮಾಲೀಕ, ಸೋಮವಾರ ತರಲಿ, ನೋಡೋಣ ಎಂದು ಕೈಸನ್ನೆ ಮಾಡಿದ. ನಾನು ಹಾಗೆಯೇ ಹೇಳಿದೆ. ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಫೋನಿಟ್ಟವನೇ ಊಟಕ್ಕೆ ಹೋಗುತ್ತೇನೆಂದು ಹೇಳಿ ಸ್ಟೇಷನ್ನಿಗೆ ಓಡಿದೆ.

ಕಾಕುವಿನ ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಅವರೆದುರಿಗೇ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಕಾಕು ನನ್ನನ್ನು ಬೈಯಲಿಲ್ಲ. ಗಡಿಯಾರ ನೋಡಿದರು, ಎರಡೂ ಮುಕ್ಕಾಲು. ಗಿರಾಕಿಗಳಿಗೆ ಕೈಮುಗಿದು ಹೊರಗೆ ಕಳಿಸಿ, ಚೀಲಕ್ಕೆ ಒಂದು ಬ್ಯಾಟರಿ ದೀಪ ಹಾಕಿಕೊಂಡು ಶಟರ್ ಎಳೆದರು. ಶನಿವಾರ ಆ ಹೊತ್ತಿಗೆ ಅವರು ಅಂಗಡಿ ಮುಚ್ಚಿದ್ದು ಅದೇ ಮೊದಲಂತೆ.

ಲೋಕಲ್ ದಾದರಿನವರೆಗೆ ಬೇಗ ಬಂತು. ಸೇತುವೆ ದಾಟಿ ಆಚೆಯ ಪ್ಲಾಟ್‌ಫಾರ್ಮಿಗೆ ಬಂದರೆ ಬಾಂದ್ರಾದ ಗಾಡಿ ತಡ. ಕಾಕುವಿಗೆ ಮೆಟ್ಟಿಲು ಹತ್ತಿ ಏದುಸಿರು ಬರುತ್ತಿತ್ತು. ನಾನು ಗಿರಾಕಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿಯಲ್ಲಿ ನಿಂತಾಗ ಕಾಕು ಒಂದೇ ಮಾತು ಕೇಳಿದರು, ಆ ಹುಡುಗಿಗೆ ಎಷ್ಟು ವಯಸ್ಸು ಎಂದು. ಹದಿನಾರಿರಬಹುದು ಎಂದೆ. ಅವರು ಬಾಗಿಲ ಕಡೆ ಮುಖ ತಿರುಗಿಸಿಕೊಂಡರು.

ನಾವು ಬಾಂದ್ರಾದಲ್ಲಿದ್ದ ಗಿರಾಕಿಯ ಬಿಲ್ಡಿಂಗಿನ ನೆಲಮಾಳಿಗೆಗೆ ಇಳಿದಾಗ ಕಾರು ಸ್ಟಾರ್ಟ್ ಆಗಿತ್ತು. ಮಗಳು ಒಳಗೆ ಕೂತು ಬೆಲ್ಟ್ ಹಾಕಿಕೊಂಡಿದ್ದಳು. ಕಾಕು ನೇರ ಹೋಗಿ ಕಾರಿನ ಮುಂದೆ ನಿಂತರು. ಗಿರಾಕಿ ಕೆಳಗಿಳಿದು, ಈಕೆ ಯಾರು ಎಂದು ನನ್ನನ್ನು ಕೇಳಿದರು. ನಾನು ತೊದಲಿದೆ. ಕಾಕುವೇ ಹಿಂದಿಯಲ್ಲಿ, ಬ್ರೇಕಿನ ಅಂಗಡಿಯವಳು, ಹತ್ತು ಮಿನಿಟು ಕೊಡಿ ಸಾಬ್, ಆಮೇಲೆ ಬೇಕಾದರೆ ಹೋಗಿ ಎಂದರು. ಅವರು ಒಪ್ಪಲಿಲ್ಲ. ಟ್ರಾಫಿಕ್ಕು ಹೆಚ್ಚಾಗುತ್ತದೆ, ದಾರಿ ಬಿಡಿ ಎಂದರು. ವಾಚ್‌ಮನ್ ಹತ್ತಿರ ಬಂದ. ಕಾಕು ಜಗಳಕ್ಕೆ ನಿಲ್ಲಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಕೊನೆಗೆ ಒಳಗಿದ್ದ ಹುಡುಗಿಯೇ ಇಂಜಿನ್ ಆರಿಸಿ, ಪಪ್ಪಾ, ನೋಡಲಿ ಬಿಡಿ ಎಂದಳು.

ಕಾಕು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಸಂದಿಯಿಂದ ಬ್ಯಾಟರಿ ಬಿಟ್ಟು, ಚಕ್ರವನ್ನು ಸ್ವಲ್ಪ ಸ್ವಲ್ಪವೇ ಉರುಳಿಸಲು ನನಗೆ ಹೇಳಿದರು. ನಾನು ನ್ಯೂಟ್ರಲ್ಲಿಗೆ ಹಾಕಿಸಿ ಕಾರನ್ನು ತಳ್ಳಿದೆ. ಎರಡನೆಯ ಸಲ ತಳ್ಳಿದಾಗ ಕೈ ಎತ್ತಿದರು. ತೂತಿನಿಂದ ತೂತಿಗೆ ಕಪ್ಪು ಎಳೆಯಂಥ ಗೆರೆಗಳು. ಗಿರಾಕಿ ಬಗ್ಗಿ ನೋಡಿ, ಇಂಥವು ಎಲ್ಲ ಡಿಸ್ಕಿಗೂ ಬರುತ್ತವೆ, ಓದಿದ್ದೇನೆ ಎಂದರು. ಹೌದು, ಮೇಲೆ ಮೇಲೆ ಇರುವವು ಬರುತ್ತವೆ ಎಂದು ಕಾಕು ಒಪ್ಪಿದರು. ನಿಮ್ಮ ಉಗುರು ಆಡಿಸಿ ನೋಡಿ, ಸಿಕ್ಕಿಕೊಳ್ಳದಿದ್ದರೆ ನಾನು ಹೋಗುತ್ತೇನೆ ಎಂದರು.

ಅವರು ಸಂದಿಯಲ್ಲಿ ಕೈ ಹಾಕಿದರು. ಉಗುರು ಸಿಕ್ಕಿಕೊಂಡಿತು. ಬೆರಳು ಆ ಗೆರೆಯ ಗುಂಟ ಹೋಗುತ್ತ ಹೋಗುತ್ತ ಡಿಸ್ಕಿನ ಅಂಚಿಗೇ ಬಂದು ನಿಂತಿತು. ಅವರು ಬಹಳ ಹೊತ್ತು ಕೈ ಹೊರಗೆ ತೆಗೆಯಲಿಲ್ಲ. ಆಮೇಲೆ ಎದ್ದು, ಮಗಳ ಬದಿಯ ಬಾಗಿಲು ತೆಗೆದು, ಇಳಿ ಎಂದರು.

ಅನಂತರ ಅವರು ನನ್ನ ಕಡೆ ತಿರುಗಿ, ಇವನ್ನು ಹಾಕುವಾಗ ನಿನಗೆ ಗೊತ್ತಿತ್ತೇ ಎಂದು ಕೇಳಿದರು. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, ಇಲ್ಲ ಸರ್, ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ ಎಂದೆ.

ಕಾಕು ಬ್ಯಾಟರಿ ಆರಿಸಿ ಚೀಲಕ್ಕೆ ಹಾಕಿಕೊಂಡರು. ಸ್ಟೇಷನ್ನಿನವರೆಗೆ ಬಿಡುತ್ತೇನೆ ಎಂದು ನಾನು ಹಿಂದೆ ಹೋದರೆ, "ನೀವು ನಿಮ್ಮ ಗ್ಯಾರೇಜಿಗೆ ಹೋಗ್ರಿ. ನನಗ ದಾರಿ ಗೊತ್ತದ" ಎಂದರು.

ಆವತ್ತಿನಿಂದ ನಾನು ಅವರಿಗೆ ನೀವು ಆದೆ. ಅಂಗಡಿಗೆ ಹೋದರೆ ಸಾಮಾನು ಕೊಡುತ್ತಿದ್ದರು, ಡಿಸ್ಕನ್ನು ತಟ್ಟಿ ನೋಡಿಯೇ ಕೊಡುತ್ತಿದ್ದರು, ಆದರೆ ಬರ್ರಿ, ಕುಂಡ್ರಿ, ತಗೋರಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಐದಾರು ತಿಂಗಳು ಹೀಗೇ ನಡೆಯಿತು.

ಒಂದು ದಿನ ಶಟರ್ ಇಳಿದಿತ್ತು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿ, ಮನೆಗೆ ಕರೆತಂದಿದ್ದಾರೆಂದು ಪಕ್ಕದವರು ಹೇಳಿದರು. ಚಾಳಿನ ಎರಡನೆಯ ಮಹಡಿಯ ಅವರ ಕೋಣೆಗೆ ಹೋದೆ. ತಂಗಿಯೊಬ್ಬರು ಊರಿಂದ ಬಂದು ನೋಡಿಕೊಳ್ಳುತ್ತಿದ್ದರು. ಕಾಕು ಸೊರಗಿದ್ದರು. ನಾನು ನೆಲಕ್ಕೆ ಕೂತು, ನನ್ನದು ತಪ್ಪಾಯಿತು ಕಾಕು, ಕ್ಷಮಿಸಿಬಿಡಿ ಎಂದೆ.

"ನನ್ನ ಕಡೆ ಏನ್ ಕೇಳ್ತೀರಿ? ಘಾಟ್ ಇಳಿಯಾಕಿ ನಾ ಇದ್ದಿಲ್ಲ" ಎಂದರು.

ಮರುದಿನ ಭಾನುವಾರ. ಬಾಂದ್ರಾದ ಆ ಮನೆಯ ಗಂಟೆ ಒತ್ತಿದಾಗ ಮಗಳೇ ಬಾಗಿಲು ತೆಗೆದಳು. ತಂದೆ ಒಳಗೆ ಪತ್ರಿಕೆ ಓದುತ್ತಿದ್ದರು. ಇಬ್ಬರಿಗೂ ಕೇಳುವಂತೆ ಹೇಳಿದೆ: ಆ ಡಿಸ್ಕು ಬೇಡವೆಂದು ಆ ಅಂಗಡಿಯ ಅಮ್ಮ ನನಗೆ ಮೊದಲೇ ಹೇಳಿದ್ದರು, ಯಾಕೆಂದೂ ಹೇಳಿದ್ದರು, ಗೊತ್ತಿದ್ದೂ ಹಾಕಿಸಿದೆ, ಆವತ್ತು ನಿಮ್ಮ ಮುಂದೆ ಸುಳ್ಳು ಹೇಳಿದೆ. ತಂದೆ ಎದ್ದು ನಿಂತರು. ಹುಡುಗಿ ನನ್ನನ್ನು ನೋಡುತ್ತ, ಆಂಟಿ ಬರದಿದ್ದರೆ ನೀವು ಹೇಳುತ್ತಿದ್ದಿರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು. ಅವಳು ಬಾಗಿಲು ಹಾಕಿದಳು.

ಅಲ್ಲಿಂದ ಸೀದಾ ಬೈಕುಲ್ಲಾಕ್ಕೆ ಹೋದೆ. ಕಾಕು ದಿಂಬಿಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ಆ ಹುಡುಗಿ ಏನಂದಳು ಎಂದು ಕೇಳಿದರು. ಹೇಳಿದೆ. "ರೊಟ್ಟಿ ಮಾಡ್ಯಾರ. ಉಂಡು ಹೋಗು, ತಮ್ಮಾ" ಎಂದರು.

ಸೋಮವಾರ ನನ್ನ ಕೆಲಸ ಹೋಯಿತು. ಗಿರಾಕಿ ಮಾಲೀಕನಿಗೆ ಫೋನ್ ಮಾಡಿದ್ದರು. ಆ ತಿಂಗಳು ಮುಗಿಯುವುದರೊಳಗೆ ಕಾಕುವೂ ಹೋದರು. ಚಾಳಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಅವರನ್ನು ಕೆಳಗಿಳಿಸುವಾಗ ನಾನೂ ಒಂದು ಹೆಗಲು ಕೊಟ್ಟೆ. ಬೈಕುಲ್ಲಾದ ಗ್ಯಾರೇಜುಗಳ ಅರ್ಧ ಜನ ಕೆಳಗೆ ರಸ್ತೆಯಲ್ಲಿ ನಿಂತಿದ್ದರು.

ಈಗ ನಾನು ಕುರ್ಲಾದ ಬೇರೊಂದು ಗ್ಯಾರೇಜಿನಲ್ಲಿದ್ದೇನೆ. ತಮಗೆ ಬೇಕಾದ್ದನ್ನೇ ಹಾಕಿಕೊಡು ಎಂದು ಹಟ ಹಿಡಿಯುವ ಗಿರಾಕಿಗಳು ಇಲ್ಲಿಗೂ ಬರುತ್ತಾರೆ. ಆಗುವುದಿಲ್ಲ ಎನ್ನುವ ಮೊದಲು ಇವತ್ತಿಗೂ ನನ್ನ ಬಾಯಿ ಒಣಗುತ್ತದೆ. ಆದರೂ ಹೇಳುತ್ತೇನೆ.